ಮಕ್ಕಳ ಸಂಧಿವಾತವನ್ನು ಗುರುತಿಸಿದ ಡಾಕ್ಟರ್ ಸ್ಟಿಲ್: ಮಂಡಿ ಊತಕ್ಕೂ ಕಿಡ್ನಿಗೂ ಏನು ಸಂಬಂಧ?

ಸಂಧಿವಾತ ವಯಸ್ಸಾದವರ ಕಾಯಿಲೆ, ಮಕ್ಕಳಿಗೆ ಬರುವುದೇ ಇಲ್ಲ. ಕೀಲುನೋವಿನ ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ಇಂದೇ ನಿಲ್ಲಿಸಿ. ಈ ಎರಡು ಮಾತುಗಳು ಒಂದಲ್ಲ ಒಂದು ರೂಪದಲ್ಲಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದು ಅರ್ಧ ನಿಜ. ಪೂರ್ತಿ ಸುಳ್ಳನ್ನು ಬೇಗ ಹಿಡಿಯಬಹುದು, ಅರ್ಧ ನಿಜವನ್ನು ನಂಬಿ ಮಗುವಿನ ಔಷಧಿ ನಿಲ್ಲಿಸಿಬಿಡುತ್ತೇವೆ. ಅಪಾಯ ಇರುವುದು ಅಲ್ಲಿ.

ನಂಜನಗೂಡಿರಲಿ, ತಿರುಮಕೂಡಲು ನರಸೀಪುರವಿರಲಿ, ಆರು ವರ್ಷದ ಮಗುವಿನ ಮಂಡಿ ಊದಿದರೆ ಮನೆಯಲ್ಲಿ ಮೊದಲು ಏನಾಗುತ್ತದೆ? ಆಟ ಆಡುವಾಗ ಬಿದ್ದಿರಬೇಕು ಎನ್ನುತ್ತಾರೆ ಒಬ್ಬರು. ಬೆಳೆಯೋ ಮಕ್ಕಳ ನೋವು ಎನ್ನುತ್ತಾರೆ ಅಜ್ಜಿ. ಎಣ್ಣೆ ನೀವುತ್ತಾರೆ, ಮೆಡಿಕಲ್ ಶಾಪಿನಿಂದ ನೋವಿನ ಸಿರಪ್ ತರುತ್ತಾರೆ, ಶ್ರೀಕಂಠೇಶ್ವರನಿಗೆ ಹರಕೆ ಹೊರುತ್ತಾರೆ. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೆ ಹೀಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆದುಹೋಗುತ್ತವೆ.

ನೂರಮೂವತ್ತು ವರ್ಷಗಳ ಹಿಂದೆ ಲಂಡನ್ನಿನಲ್ಲೂ ಪರಿಸ್ಥಿತಿ ಹೆಚ್ಚುಕಡಿಮೆ ಹೀಗೇ ಇತ್ತು. ಮಕ್ಕಳ ಕೀಲು ಊದಿದರೆ ಅದನ್ನು ದೊಡ್ಡವರ ಕಾಯಿಲೆಯ ಚಿಕ್ಕ ರೂಪ ಎಂದುಕೊಳ್ಳುತ್ತಿದ್ದ ವೈದ್ಯರೇ ಹೆಚ್ಚು. ಆ ತಿಳಿವಳಿಕೆಯನ್ನು ಬದಲಿಸಿದವರು ಜಾರ್ಜ್ ಫ್ರೆಡರಿಕ್ ಸ್ಟಿಲ್. ಇಂದಿಗೂ ಈ ಕಾಯಿಲೆಯ ಒಂದು ಬಗೆಗೆ ಸ್ಟಿಲ್ ಕಾಯಿಲೆ ಎಂದೇ ಹೆಸರು. ಅವರ ಜೀವನ ತಿಳಿದರೆ ಮಂಡಿ ಊತಕ್ಕೂ ಕಿಡ್ನಿಗೂ ಇರುವ ನಂಟು ತಾನಾಗಿ ಅರ್ಥವಾಗುತ್ತದೆ.

ಗ್ರೀಕ್ ಓದಿ ಡಾಕ್ಟರ್ ಆದ ಹುಡುಗ

ಸ್ಟಿಲ್ ಹುಟ್ಟಿದ್ದು 1868ರ ಫೆಬ್ರವರಿ 27ರಂದು, ಲಂಡನ್ನಿನ ಹಾಲೊವೇ ಎಂಬ ಬಡಾವಣೆಯಲ್ಲಿ. ತಂದೆ ಸುಂಕದ ಇಲಾಖೆಯ ನೌಕರರು. ದೊಡ್ಡ ಸಂಸಾರ. ಹುಡುಗ ಓದಿನಲ್ಲಿ ಮುಂದು. ಕೇಂಬ್ರಿಜ್‌ನ ಕೀಸ್ ಕಾಲೇಜಿನಲ್ಲಿ ಗ್ರೀಕ್ ಮತ್ತು ಲ್ಯಾಟಿನ್ ಓದಿ ಪ್ರಥಮ ದರ್ಜೆ ಪಡೆದರು. ಆಮೇಲೆ ದಾರಿ ಬದಲಿಸಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು.

ಈ ಗೈಸ್ ಆಸ್ಪತ್ರೆಗೆ ಕಿಡ್ನಿಯ ಇತಿಹಾಸದಲ್ಲಿ ದೊಡ್ಡ ಸ್ಥಾನವಿದೆ. ಅಲ್ಲಿನ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲೇ ಒಂದು ಮುಖ್ಯ ವಿಷಯ ಪ್ರಕಟಿಸಿದ್ದರು. ಮೈ ಊದಿಕೊಂಡ ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಮೇಣದಬತ್ತಿಯ ಮೇಲೆ ಕಾಯಿಸಿದರೆ ಕೆಲವರ ಮೂತ್ರ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತಿತ್ತು. ರಕ್ತದಲ್ಲಿ ಉಳಿಯಬೇಕಾದ ಆಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತಿದೆ ಎಂಬುದಕ್ಕೆ ಅದು ಗುರುತು. ಅಂಥವರು ತೀರಿಕೊಂಡ ಮೇಲೆ ನೋಡಿದರೆ ಕಿಡ್ನಿ ಹಾಳಾಗಿರುತ್ತಿತ್ತು. ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಗರ್ಭಿಣಿಯರಿಗೆ ಮಾಡುವ ಮೂತ್ರದ ಆಲ್ಬುಮಿನ್ ಪರೀಕ್ಷೆ ಹುಡುಕುವುದೂ ಅದನ್ನೇ. ಈಗ ಚಮಚ, ಮೇಣದಬತ್ತಿಯ ಬದಲು ಬಣ್ಣ ಬದಲಿಸುವ ಪಟ್ಟಿ ಬಂದಿದೆ. ಈ ಪರೀಕ್ಷೆ ನೆನಪಿರಲಿ, ಮುಂದೆ ಇದರ ವಿಷಯ ಮತ್ತೆ ಬರುತ್ತದೆ.

22 ಮಕ್ಕಳು, ಒಂದು ಹೊಸ ಕಾಯಿಲೆ

ಗೈಸ್‌ನಿಂದ ಸ್ಟಿಲ್ ಹೋದದ್ದು ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನ ಮಕ್ಕಳ ಆಸ್ಪತ್ರೆಗೆ. ಅದು 1852ರಲ್ಲಿ ಶುರುವಾದ ಆಸ್ಪತ್ರೆ. ಅಲ್ಲಿ ಅವರಿಗೆ ಎರಡು ಬಗೆಯ ಕೆಲಸ. ವಾರ್ಡಿನಲ್ಲಿ ಮಕ್ಕಳನ್ನು ನೋಡುವುದು, ತೀರಿಕೊಂಡ ಮಕ್ಕಳ ದೇಹವನ್ನು ಪರೀಕ್ಷಿಸಿ ಕಾರಣ ಹುಡುಕುವುದು. ಬದುಕಿದ್ದಾಗ ಕಂಡ ಲಕ್ಷಣವನ್ನೂ ಆಮೇಲೆ ಒಳಗೆ ಕಂಡದ್ದನ್ನೂ ಒಬ್ಬರೇ ಹೋಲಿಸಿ ನೋಡಲು ಇದರಿಂದ ಸಾಧ್ಯವಾಯಿತು.

ಮಕ್ಕಳಿಗೂ ಕೀಲುವಾತ ಬರುತ್ತದೆ ಎಂದು ಹೇಳಿದವರಲ್ಲಿ ಸ್ಟಿಲ್ ಮೊದಲಿಗರಲ್ಲ. ಕೆಲವೇ ವರ್ಷಗಳ ಮೊದಲು ಪ್ಯಾರಿಸ್‌ನಲ್ಲಿ ಡಯಮಂಟ್‌ಬರ್ಗರ್ ಎಂಬುವರು ಅಂಥ 38 ಮಕ್ಕಳ ವಿವರ ಕಲೆಹಾಕಿದ್ದರು. ಸ್ಟಿಲ್ ಒಂದು ಹೆಜ್ಜೆ ಮುಂದೆ ಹೋದರು. ದೀರ್ಘಕಾಲದ ಕೀಲು ಊತ ಇದ್ದ 22 ಮಕ್ಕಳ ವಿವರಗಳನ್ನು ಒಟ್ಟಿಗೆ ಇಟ್ಟುಕೊಂಡು ಹೋಲಿಸಿದರು. 1896ರಲ್ಲಿ ಎಂ.ಡಿ. ಪದವಿಗೆ ಅದೇ ವಿಷಯದ ಪ್ರಬಂಧ ಬರೆದರು, ಮರುವರ್ಷ ಅದು ಅಚ್ಚಾಯಿತು. ಪ್ರಬಂಧ ಬರೆದಾಗ ಅವರಿಗೆ 28 ವರ್ಷ.

ಅವರು ಕಂಡದ್ದೇನು? ಮಗುವಿನ ಮಂಡಿ, ಮಣಿಕಟ್ಟು ಊದಿರುತ್ತಿತ್ತು ನಿಜ. ಆದರೆ ಕೆಲವು ಮಕ್ಕಳಲ್ಲಿ ಕತ್ತು, ಕಂಕುಳಿನ ಗ್ರಂಥಿಗಳೂ ದಪ್ಪವಾಗಿದ್ದವು. ಹೊಟ್ಟೆ ಮುಟ್ಟಿ ನೋಡಿದರೆ ಗುಲ್ಮ ದೊಡ್ಡದಾಗಿರುತ್ತಿತ್ತು. ಜ್ವರ ಬಂದು ಹೋಗುತ್ತಿತ್ತು, ಮಗು ಬೆಳೆಯುವುದು ನಿಧಾನವಾಗುತ್ತಿತ್ತು. ಕೆಲವರಲ್ಲಿ ಹೃದಯದ ಸುತ್ತಲಿನ ಪೊರೆಗೂ ಕಾಯಿಲೆ ತಗಲಿತ್ತು. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಮೊದಲೇ ಹೆಚ್ಚಿನವರಲ್ಲಿ ಇದು ಶುರುವಾಗಿತ್ತು. ಇದು ದೊಡ್ಡವರ ಕಾಯಿಲೆಯ ಚಿಕ್ಕ ರೂಪವಲ್ಲ, ಬೇರೆಯದೇ ಕಾಯಿಲೆ ಎಂಬ ತೀರ್ಮಾನಕ್ಕೆ ಅವರು ಬಂದರು.

ಸರಳವಾಗಿ ಹೇಳುವುದಾದರೆ, ನೋವು ಮಂಡಿಯಲ್ಲಿ, ಕಾಯಿಲೆ ಇಡೀ ಮೈಯಲ್ಲಿ. ಕೀಲು ಊದಿದ ಮಗುವಿನ ಕೀಲನ್ನಷ್ಟೇ ನೋಡಿದರೆ ಸಾಲದು, ತಲೆಯಿಂದ ಕಾಲಿನವರೆಗೆ ನೋಡಬೇಕು. ಸ್ಟಿಲ್ ಕಲಿಸಿದ ಈ ಪಾಠ ಇಂದಿಗೂ ಬದಲಾಗಿಲ್ಲ.

ಆದರೆ ಕೊಡಲು ಆಗ ಔಷಧಿ ಇರಲಿಲ್ಲ. ಆಸ್ಪಿರಿನ್ ಕೂಡ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಕಾಯಿಲೆಯ ಹೆಸರು ಗೊತ್ತು, ಅದನ್ನು ತಡೆಯುವ ದಾರಿ ಗೊತ್ತಿಲ್ಲ ಎಂಬ ಸ್ಥಿತಿ ಇನ್ನೂ ಅರ್ಧ ಶತಮಾನ ಇತ್ತು.

ಮಕ್ಕಳ ವೈದ್ಯಕ್ಕೆ ಒಂದು ಕುರ್ಚಿ

1899ರಲ್ಲಿ ಸ್ಟಿಲ್ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಮಕ್ಕಳ ಕಾಯಿಲೆಗಳ ವೈದ್ಯರಾದರು. 1906ರಲ್ಲಿ ಅಲ್ಲೇ ಪ್ರಾಧ್ಯಾಪಕರಾದರು. ಮಕ್ಕಳ ಕಾಯಿಲೆಗಳಿಗೆಂದೇ ಪ್ರಾಧ್ಯಾಪಕ ಹುದ್ದೆ ಇಂಗ್ಲೆಂಡಿನಲ್ಲಿ ಅದೇ ಮೊದಲು. 1902ರಲ್ಲಿ ಅವರು ಕೊಟ್ಟ ಉಪನ್ಯಾಸಗಳಲ್ಲಿ, ಬುದ್ಧಿ ಚುರುಕಿದ್ದರೂ ಒಂದು ಕಡೆ ಗಮನ ನಿಲ್ಲಿಸಲಾಗದ ಮಕ್ಕಳ ವಿವರಣೆ ಇದೆ. ನಾವು ಈಗ ಎಡಿಎಚ್‌ಡಿ ಎಂದು ಕರೆಯುವ ತೊಂದರೆಯ ಆರಂಭದ ವರ್ಣನೆಗಳಲ್ಲಿ ಅದೂ ಒಂದು ಎನ್ನಲಾಗುತ್ತದೆ. 1909ರಲ್ಲಿ ಮಕ್ಕಳ ಸಾಮಾನ್ಯ ಕಾಯಿಲೆಗಳ ಬಗ್ಗೆ ಪಠ್ಯಪುಸ್ತಕ ಬರೆದರು. 1928ರಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ. 1931ರಲ್ಲಿ ಮಕ್ಕಳ ವೈದ್ಯದ ಇತಿಹಾಸ ಬರೆದರು. ಚಿಕ್ಕಂದಿನಲ್ಲಿ ಕಲಿತ ಗ್ರೀಕ್, ಲ್ಯಾಟಿನ್ ಅದಕ್ಕೆ ಕೆಲಸಕ್ಕೆ ಬಂತು.

ದೊಡ್ಡವರ ನಡುವೆ ಅವರು ಸಂಕೋಚದ ಮನುಷ್ಯ, ಮಕ್ಕಳ ಜೊತೆ ಹಾಗಿರಲಿಲ್ಲ. ಮದುವೆಯಾಗಲಿಲ್ಲ, ತಾಯಿಯನ್ನು ಬಹಳ ಅಕ್ಕರೆಯಿಂದ ನೋಡಿಕೊಂಡರು. ಬ್ರಿಟಿಷ್ ರಾಜಮನೆತನದ ಮಕ್ಕಳಿಗೂ ಅವರೇ ವೈದ್ಯರು. 1937ರಲ್ಲಿ ಸರ್ ಎಂಬ ಗೌರವ ಬಂತು. ನಿವೃತ್ತಿಯ ನಂತರ ಸಾಲ್ಸ್‌ಬರಿಯಲ್ಲಿ ನೆಲೆಸಿ, 1941ರ ಜೂನ್ 28ರಂದು ತೀರಿಕೊಂಡರು.

ಸ್ಟಿಲ್ ನಂತರ ಬಿಡಿಸಿದ ಕಿಡ್ನಿಯ ಒಗಟು

1947ರಲ್ಲಿ ಇಂಗ್ಲೆಂಡಿನ ಟ್ಯಾಪ್ಲೊ ಎಂಬಲ್ಲಿ ಮಕ್ಕಳ ವಾತರೋಗಗಳಿಗೆಂದೇ ಒಂದು ವಿಶೇಷ ಘಟಕ ಶುರುವಾಯಿತು. ಎರಿಕ್ ಬೈವಾಟರ್ಸ್, ಬಾರ್ಬರಾ ಆನ್ಸೆಲ್ ಎಂಬ ವೈದ್ಯರು ಅಲ್ಲಿ ಸಂಧಿವಾತದ ಮಕ್ಕಳನ್ನು ವರ್ಷಗಟ್ಟಲೆ ಬಿಡದೆ ಗಮನಿಸಿದರು. ಆಗ ಒಂದು ಕಹಿ ಸತ್ಯ ಸ್ಪಷ್ಟವಾಯಿತು. ಈ ಮಕ್ಕಳಲ್ಲಿ ಕೆಲವರು ಕೀಲಿನಿಂದಲ್ಲ, ಕಿಡ್ನಿ ಕೆಟ್ಟು ಸಾಯುತ್ತಿದ್ದರು. ಅದಕ್ಕೆ ಕಾರಣ ಅಮಿಲಾಯ್ಡ್.

ಇದು ಹೇಗೆ ಆಗುತ್ತದೆ? ನಂಜುಂಡನ ಊರಿನವರಿಗೆ ನಂಜು ಎಂದರೇನು ಎಂದು ಹೇಳಬೇಕಿಲ್ಲ. ಮೈಯೊಳಗಿನ ನಂಜನ್ನು ಸೋಸಿ ಹೊರಹಾಕುವ ಕೆಲಸ ಕಿಡ್ನಿಯದು. ಸಂಧಿವಾತದಲ್ಲಿ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೀಲುಗಳಲ್ಲಿ ಉರಿಯೂತ ಉಂಟುಮಾಡುತ್ತದೆ. ಉರಿಯೂತ ಇರುವಷ್ಟು ದಿನವೂ ಲಿವರ್ ಒಂದು ಬಗೆಯ ಪ್ರೋಟೀನನ್ನು ವಿಪರೀತ ತಯಾರಿಸುತ್ತಿರುತ್ತದೆ. ನಾಲ್ಕು ದಿನದ ಜ್ವರದಲ್ಲಿ ಹೀಗಾದರೆ ತೊಂದರೆಯಿಲ್ಲ, ಜ್ವರ ಇಳಿದ ಮೇಲೆ ಅದೂ ಇಳಿಯುತ್ತದೆ. ವರ್ಷಗಟ್ಟಲೆ ಹೀಗೇ ಮುಂದುವರಿದರೆ ಆ ಪ್ರೋಟೀನಿನ ಚೂರುಗಳು ಎಳೆಎಳೆಯಾಗಿ ಗಂಟುಬಿದ್ದು ಕಿಡ್ನಿಯ ಸೋಸುವ ಜಾಗದಲ್ಲಿ ಕೂರುತ್ತವೆ. ಸಿಂಕಿನ ಜಾಲರಿಯಲ್ಲಿ ಜಿಡ್ಡು ಕಟ್ಟಿದ ಹಾಗೆ.

ಆಮೇಲೆ ಸೋಸುವ ಕೆಲಸ ಕೆಡುತ್ತದೆ. ಉಳಿಯಬೇಕಾದ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ, ಹೋಗಬೇಕಾದ ಕಸ ರಕ್ತದಲ್ಲಿ ಉಳಿಯುತ್ತದೆ. ಮೂತ್ರದಲ್ಲಿ ನೊರೆ, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಕಾಲು ಊತ ಕಾಣುತ್ತವೆ. ಇಷ್ಟು ಕಾಣುವ ಹೊತ್ತಿಗೆ ಒಳಗೆ ಸಾಕಷ್ಟು ಹಾನಿ ಆಗಿರಬಹುದು. ಮುಖ್ಯವಾದ ಮಾತೆಂದರೆ ಕಿಡ್ನಿ ಹೀಗೆ ಕೆಡುವಾಗ ನೋವೇ ಇರುವುದಿಲ್ಲ. ಅದಕ್ಕೇ ಬ್ರೈಟ್ ಕಾಲದ ಆ ಮೂತ್ರ ಪರೀಕ್ಷೆ ಇಂದಿಗೂ ಬೇಕು. ನೋವು ಹೇಳದ್ದನ್ನು ಅದು ಹೇಳುತ್ತದೆ.

ಎಲ್ಲ ಮಕ್ಕಳಿಗೂ ಹೀಗಾಗುತ್ತದೆ ಎಂದು ಹೆದರಬೇಡಿ. ಆಗಲೂ ಇದು ಕೆಲವರಿಗಷ್ಟೇ ಆಗುತ್ತಿತ್ತು, ಈಗ ಇನ್ನೂ ಅಪರೂಪ. ಯಾಕೆ ಅಪರೂಪವಾಯಿತು ಎಂಬುದೇ ಈ ಕಥೆಯ ತಿರುಳು. ಮೆಥೊಟ್ರೆಕ್ಸೇಟ್ ಮಾತ್ರೆ ಮಕ್ಕಳ ಸಂಧಿವಾತಕ್ಕೆ ಕೆಲಸ ಮಾಡುತ್ತದೆ ಎಂದು 1992ರ ಹೊತ್ತಿಗೆ ಪ್ರಯೋಗಗಳಿಂದ ತಿಳಿಯಿತು. 2000ದ ನಂತರ ಬಯಾಲಜಿಕ್ಸ್ ಎಂಬ ಇಂಜೆಕ್ಷನ್‌ಗಳು ಬಂದವು. ಟೋಸಿಲಿಝುಮ್ಯಾಬ್‌ನಂಥ ಔಷಧಿ ಸ್ಟಿಲ್ ಕಾಯಿಲೆಯ ಉರಿಯೂತವನ್ನೇ ಹಿಡಿದು ನಿಲ್ಲಿಸುತ್ತದೆ. ಉರಿಯೂತ ನಿಂತರೆ ಆ ಪ್ರೋಟೀನ್ ಇಳಿಯುತ್ತದೆ, ಕಿಡ್ನಿಯಲ್ಲಿ ಜಿಡ್ಡು ಕಟ್ಟುವುದೂ ನಿಲ್ಲುತ್ತದೆ. ಅಂದರೆ ಸರಿಯಾದ ಔಷಧಿಯೇ ಕಿಡ್ನಿಯನ್ನು ಕಾಪಾಡಿತು.

ಹಾಗಾದರೆ ಮಾತ್ರೆಯಿಂದ ಕಿಡ್ನಿ ಹಾಳಾಗುವುದಿಲ್ಲವೇ?

ಆ ಫಾರ್ವರ್ಡ್‌ನ ನಿಜದ ಅರ್ಧ ಇಲ್ಲಿದೆ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತದ ಹರಿವನ್ನು ಕಡಿಮೆ ಮಾಡಬಲ್ಲವು. ಆರೋಗ್ಯವಂತ ಮಗುವಿಗೆ ವೈದ್ಯರು ತೂಕ ನೋಡಿ ಕೊಟ್ಟ ಪ್ರಮಾಣದಲ್ಲಿ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ವಾಂತಿಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ, ಕಿಡ್ನಿ ಮೊದಲೇ ದುರ್ಬಲವಾಗಿದ್ದಾಗ, ಅಥವಾ ಇಂಥ ಎರಡು ಮಾತ್ರೆಗಳನ್ನು ಒಟ್ಟಿಗೆ ಕೊಟ್ಟಾಗ ಅಪಾಯ ಹೆಚ್ಚು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಕೊಡುವುದು ತಪ್ಪು.

ಫಾರ್ವರ್ಡ್ ಹೇಳದೆ ಬಿಡುವ ಅರ್ಧ ಇದು. ನೋವಿನ ಮಾತ್ರೆ ಬೇರೆ, ಕಾಯಿಲೆಯನ್ನು ಹಿಡಿತಕ್ಕೆ ತರುವ ಮಾತ್ರೆ ಬೇರೆ. ಮಾತ್ರೆ ಎಂದರೆ ಎಲ್ಲ ಒಂದೇ ಎಂದು ತಿಳಿದು ಎರಡನ್ನೂ ನಿಲ್ಲಿಸಿದರೆ ಉರಿಯೂತ ಮತ್ತೆ ಹೊತ್ತಿಕೊಳ್ಳುತ್ತದೆ. ಸ್ಟಿರಾಯ್ಡ್ ಮಾತ್ರೆಯನ್ನಂತೂ ದಿಢೀರನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಮೆಥೊಟ್ರೆಕ್ಸೇಟ್‌ಗೆ ಇನ್ನೊಂದು ಎಚ್ಚರ ಬೇಕು. ಸಂಧಿವಾತಕ್ಕೆ ಅದನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ತಪ್ಪಿ ದಿನಾ ಕೊಟ್ಟರೆ ಅದೇ ವಿಷವಾಗುತ್ತದೆ. ಕೊಡುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ಔಷಧಿ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕವೇ. ಆದ್ದರಿಂದ ವೈದ್ಯರು ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಇನ್ನು ಕೀಲುನೋವಿಗೆ ರಾಮಬಾಣ ಎಂದು ಮಾರುವ, ಒಳಗೆ ಏನಿದೆ ಎಂದು ಬರೆಯದ ಪುಡಿಗಳು. ಇಂಥ ಪುಡಿಗಳನ್ನು ಪ್ರಯೋಗಾಲಯಗಳಲ್ಲಿ ನೋಡಿದಾಗ ಕೆಲವದರಲ್ಲಿ ಸ್ಟಿರಾಯ್ಡ್, ಸೀಸ, ಪಾದರಸ ಸಿಕ್ಕಿವೆ. ಸೀಸ, ಪಾದರಸ ನೇರವಾಗಿ ಕಿಡ್ನಿಗೆ ಕೆಟ್ಟವು. ನಾಲ್ಕೇ ದಿನದಲ್ಲಿ ನೋವು ಮಾಯ ಆಯಿತು ಎಂದರೆ ಅದು ಗುಟ್ಟಾಗಿ ಬೆರೆಸಿದ ಸ್ಟಿರಾಯ್ಡ್‌ನ ಕೆಲಸ ಇರಬಹುದು.

ಬೆಳೆಯೋ ಮಕ್ಕಳ ನೋವೋ, ಸಂಧಿವಾತವೋ?

ಬೆಳೆಯುವ ಮಕ್ಕಳ ಕಾಲುನೋವು ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿ ಬರುತ್ತದೆ, ಎರಡೂ ಕಾಲಿನಲ್ಲಿ ಇರುತ್ತದೆ. ಬೆಳಿಗ್ಗೆ ಮಗು ಎಂದಿನಂತೆ ಓಡಾಡುತ್ತದೆ, ಕೀಲು ಊದುವುದಿಲ್ಲ. ಸಂಧಿವಾತ ಇದಕ್ಕೆ ತಿರುಗುಮುರುಗು. ಬೆಳಿಗ್ಗೆ ಎದ್ದಾಗಲೇ ಕೀಲು ಬಿಗಿ, ಕುಂಟು ನಡಿಗೆ, ಹೊತ್ತೇರಿದಂತೆ ಸ್ವಲ್ಪ ಸಡಿಲ. ಕೀಲು ಊದಿ ಬೆಚ್ಚಗಿರುತ್ತದೆ. 16 ವರ್ಷದೊಳಗಿನ ಮಗುವಿಗೆ ಬೇರೆ ಕಾರಣ ಇಲ್ಲದೆ ಕೀಲು ಊತ ಆರು ವಾರ ಉಳಿದರೆ ವೈದ್ಯರು ಇದನ್ನು ಮಕ್ಕಳ ಸಂಧಿವಾತ ಎನ್ನುತ್ತಾರೆ. ಹಾಗೆಂದು ಆಸ್ಪತ್ರೆಗೆ ಹೋಗಲು ಆರು ವಾರ ಕಾಯಬೇಡಿ. ಜ್ವರದ ಜೊತೆ ಒಂದೇ ಕೀಲು ದಿಢೀರನೆ ಊದಿ ಮಗು ಕಾಲೂರದಿದ್ದರೆ ಅದು ಕೀಲಿನೊಳಗಿನ ಕೀವು ಇರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಸ್ಟಿಲ್ ಕಾಯಿಲೆಯಲ್ಲಿ ದಿನಕ್ಕೆ ಒಂದೋ ಎರಡೋ ಸಲ ಜ್ವರ ಏರಿ ತಾನಾಗಿ ಇಳಿಯುತ್ತದೆ, ಎರಡು ವಾರ ಕಳೆದರೂ ಬಿಡುವುದಿಲ್ಲ. ಜ್ವರ ಏರಿದಾಗ ತೆಳು ಗುಲಾಬಿ ಗಂಧೆ ಮೂಡಿ ಮಾಯವಾಗುತ್ತದೆ. ನಮ್ಮ ಮಕ್ಕಳ ಕಂದು ಮೈಬಣ್ಣದಲ್ಲಿ ಅದು ಸುಲಭವಾಗಿ ಕಾಣದು. ಮೂಡಿದಾಗ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ವೈದ್ಯರಿಗೆ ತೋರಿಸಬಹುದು.

ಕೀಲುನೋವು ಮತ್ತು ಕಿಡ್ನಿ ತೊಂದರೆ ಒಟ್ಟಿಗೆ ಕಂಡರೆ ಬೇರೆ ಕಾಯಿಲೆಗಳೂ ಇರಬಹುದು. ಲೂಪಸ್ ಎಂಬುದು ಕೀಲನ್ನೂ ಕಿಡ್ನಿಯನ್ನೂ ಹಿಡಿಯುತ್ತದೆ. ಕಾಲಿನ ಮೇಲೆ ನೇರಳೆ ಚುಕ್ಕೆ, ಹೊಟ್ಟೆನೋವು, ಕೀಲುನೋವು ಜೊತೆಯಾಗಿ ಬಂದರೆ ಅದು ಸಣ್ಣ ರಕ್ತನಾಳಗಳ ಉರಿಯೂತ ಇರಬಹುದು. ಅದರಲ್ಲೂ ಮೂತ್ರದಲ್ಲಿ ರಕ್ತ, ಪ್ರೋಟೀನ್ ಬರುವುದುಂಟು. ಇವೆಲ್ಲದಕ್ಕೂ ಮೊದಲ ಸುಳಿವು ಕೊಡುವುದು ಅದೇ ಮೂತ್ರ ಪರೀಕ್ಷೆ.

ನಂಜನಗೂಡು, ನರಸೀಪುರದ ಪೋಷಕರು ಏನು ಮಾಡಬಹುದು?

ಮೂತ್ರದ ಆಲ್ಬುಮಿನ್ ಪರೀಕ್ಷೆಗೆ ದೊಡ್ಡ ಊರಿಗೆ ಹೋಗಬೇಕಿಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ. ಮಗುವಿನ ಬಿಪಿ ಕೂಡ ನೋಡಿಸಿ. ಕೀಲು ಊತ ಇರುವ ಮಗುವನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಅಗತ್ಯವಿದ್ದರೆ ಅವರೇ ಮೈಸೂರಿನ ಚೆಲುವಾಂಬ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದಾಗ ಮಗುವಿನ ಕುಂಟು ನಡಿಗೆಯನ್ನು ಅವರ ಗಮನಕ್ಕೆ ತನ್ನಿ. ಕಣ್ಣಿನ ಪರೀಕ್ಷೆಯನ್ನೂ ಮರೆಯಬೇಡಿ. ಈ ಕಾಯಿಲೆಯಲ್ಲಿ ಕಣ್ಣು ಕೆಂಪಾಗದೆ, ನೋಯದೆ ಒಳಗೊಳಗೇ ಉರಿಯೂತ ಆಗಬಹುದು.

ಹರಕೆ ಹೊತ್ತಿದ್ದರೆ ತೀರಿಸಿ, ಅದಕ್ಕೆ ಯಾರ ತಕರಾರೂ ಇಲ್ಲ. ಕಪಿಲೆಯಲ್ಲಿ ಮುಳುಗು ಹಾಕಿಸಿ, ಸಂಗಮಕ್ಕೂ ಹೋಗಿಬನ್ನಿ. ಔಷಧಿ ಮಾತ್ರ ನಿಲ್ಲಿಸಬೇಡಿ. ಊದಿದ ಕೀಲಿನ ಮಗುವಿನಿಂದ ಉರುಳುಸೇವೆ ಮಾಡಿಸಬೇಡಿ.

ಸ್ಟಿಲ್ ಕಾಲದ ಮಕ್ಕಳಿಗೆ ಹೆಸರು ಸಿಕ್ಕಿತ್ತು, ಔಷಧಿ ಸಿಕ್ಕಿರಲಿಲ್ಲ. ನಮ್ಮ ಮಕ್ಕಳಿಗೆ ಎರಡೂ ಇದೆ. ಅದನ್ನು ಒಂದು ಫಾರ್ವರ್ಡ್ ನಂಬಿ ಕೈಬಿಡುವುದು ಬೇಡ. ಮಾತ್ರೆ ನಿಲ್ಲಿಸಿ ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ, ಉತ್ತರವಾಗಿ ಈ ಲೇಖನ ಕಳಿಸಿ. ಮಗುವಿನ ಔಷಧಿಯ ಬಗ್ಗೆ ಯಾವುದೇ ಬದಲಾವಣೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ಮಾಡಿ.